ಎಣಿಸಿದೆ, ತೆರೆದು ನೋಡಲಿಲ್ಲ

ಮಾನ್ವಿಯ ನನ್ನ ಮನೆಯ ಕಂಪ್ಯೂಟರಿನಲ್ಲಿ ಇಪ್ಪತ್ತಾರು ಫೈಲುಗಳಿದ್ದವು. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಿ ನರ್ಸ್ ಆಗಿ ನಾನು ಮಾಡಿಸಿದ ಹೆರಿಗೆಗಳ ವಿವರ ಅವುಗಳಲ್ಲಿತ್ತು. ಸರ್ಕಾರಿ ರಿಜಿಸ್ಟರಿನಲ್ಲಿ ತಾರೀಖು ಬರೆದರೆ ಸಾಕಿತ್ತು. ನಾನು ನನ್ನ ಸ್ವಂತ ನೋಟುಬುಕ್ಕಿನಲ್ಲಿ ಹುಟ್ಟಿದ ವೇಳೆ, ಕೂಸಿನ ತೂಕ, ತಾಯಿ ಆಡಿದ ಒಂದೆರಡು ಮಾತು ಬರೆದುಕೊಳ್ಳುತ್ತಿದ್ದೆ. ಹೀಗಾಗಿ ಮದುವೆಯ ಮಾತು ನಡೆದ ಮನೆಗಳಿಂದ ನನಗೆ ಈಗಲೂ ಫೋನ್ ಬರುತ್ತದೆ. ಪಂಚಾಂಗ ಬಿಡಿಸುವ ಮೊದಲು ಅಯ್ಯನವರು ಹುಟ್ಟಿದ ವೇಳೆ ಕೇಳುತ್ತಾರೆ. ಎಷ್ಟೋ ಮನೆಗಳ ಮಟ್ಟಿಗೆ ಆ ವೇಳೆ ಇರುವುದು ನನ್ನ ಹತ್ತಿರ ಮಾತ್ರ.

ತರಬೇತಿಯಲ್ಲಿ ನಮಗೆ ಕಲಿಸಿದ ಹಿರಿಯ ಸಿಸ್ಟರ್ ಬಹಳ ಕಟ್ಟುನಿಟ್ಟು. ವೇಳೆಯನ್ನು ಅಂಕಿಯಲ್ಲಿ ಬರೆಯಬೇಡಿ, ಯಾರಾದರೂ ತಿದ್ದುತ್ತಾರೆ, ಅಕ್ಷರದಲ್ಲಿ ಬರೆಯಿರಿ ಎನ್ನುತ್ತಿದ್ದರು. ಹೊಲಿಗೆ ಹಾಕುವ ಮೊದಲು ಹತ್ತಿಬಟ್ಟೆಯ ತುಂಡುಗಳನ್ನು, ಒಂದೂ ಒಳಗೆ ಉಳಿಯದಂತೆ, ಎಣಿಸಲೇಬೇಕು. ಒಂದು ವಿಷಯಕ್ಕೆ ಒಂದೇ ದಫ್ತರ ಇರಬೇಕು. ಎರಡಿದ್ದರೆ ಒಂದು ದಿನ ಅವು ಬೇರೆ ಬೇರೆ ಹೇಳುತ್ತವೆ. ಈ ಕೊನೆಯ ಮಾತನ್ನು ನಾನು ಅತಿಯಾಗಿ ಪಾಲಿಸಿದೆ. ನಿವೃತ್ತಿಯ ನಂತರ ದಿನಾ ಹತ್ತರಿಂದ ಹನ್ನೊಂದರವರೆಗೆ ಕೂತು ಟೈಪ್ ಮಾಡಿದೆ. ಒಂದೊಂದು ನೋಟುಬುಕ್ ಮುಗಿದ ಹಾಗೆ ಅದನ್ನು ನೀರೊಲೆಗೆ ಹಾಕಿದೆ. ಗೆದ್ದಲು ಹಿಡಿದಿದ್ದವು ನಿಜ. ಹಿಡಿಯದಿದ್ದರೂ ಹಾಕುತ್ತಿದ್ದೆ.

ಕಂಪ್ಯೂಟರಿನ ಪರದೆಯ ಮೇಲೆ ಒಂದು ಸೂಚನೆ ಬರತೊಡಗಿತು. ಹಳೆಯ ವ್ಯವಸ್ಥೆಗೆ ಇನ್ನು ಮುಂದೆ ಸುರಕ್ಷತೆ ಇಲ್ಲ, ಹೊಸದು ಈ ಯಂತ್ರಕ್ಕೆ ಆಗಿಬರುವುದಿಲ್ಲ. ಅದನ್ನು ಓದಿದಾಗಿನಿಂದ ಫೈಲು ತೆರೆಯುವಾಗಲೆಲ್ಲ ಅಂಜಿಕೆಯಾಗುತ್ತಿತ್ತು. ನನ್ನ ತಂಗಿಯ ಮಗಳು ರಾಯಚೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳನ್ನು ಕರೆಸಿದೆ. ಒಂದು ಭಾನುವಾರ ಬೆಳಿಗ್ಗೆ ಬಂದಳು.

"ದೊಡ್ಡವ್ವ, ಮಷಿನ್ ಗಟ್ಟಿ ಅದ. ಹಳೇ ವ್ಯವಸ್ಥಾ ತಗದು ಲಿನಕ್ಸ್ ಹಾಕಿದ್ರ ಇನ್ನೂ ಐದಾರು ವರ್ಷ ಓಡತದ."

"ಅದು ಯಾರ್ದು?"

"ಯಾರ್ದೂ ಅಲ್ಲ. ಮಂದಿ ಎಲ್ಲಾ ಕೂಡಿ ಮಾಡ್ಯಾರ. ಪುಕ್ಕಟೆ."

"ಯಾರ್ದೂ ಅಲ್ಲ ಅಂದ್ರ, ಕೆಟ್ರ ಯಾರ್ನ ಕೇಳಬೇಕು?"

"ನನ್ನ ಕೇಳು. ನಾ ಇದ್ದೀನಲ್ಲ."

ಮೊದಲು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿದಳು. ನಾನು ಎಣಿಸಿದೆ. ಇಪ್ಪತ್ತಾರು. ಚಹಾ ಕುಡಿದು ಮತ್ತೊಮ್ಮೆ ಎಣಿಸಿದೆ. ಡಿಸ್ಕಿನಲ್ಲಿ ಇರುವುದನ್ನೆಲ್ಲ ಅಳಿಸಲೇ ಎಂದು ಯಂತ್ರ ಕೇಳಿತು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

"ಹೆರಿಗಿ ಖೋಲಿಯೊಳಗೂ ಹಿಂಗ ನಡುಗತಿದ್ದೇನು ದೊಡ್ಡವ್ವ?" ಎಂದು ನಕ್ಕಳು.

"ಅಲ್ಲಿ ನನ್ನ ಕೈಯಾಗ ಏನದ ಅಂತ ನನಗ ಗೊತ್ತಿರತಿತ್ತು."

ಅವಳು ಒತ್ತಿಬಿಟ್ಟಳು. ಒಂದು ಗಂಟೆಯೊಳಗೆ ಹೊಸ ಪರದೆ ಬಂತು. ಫೈಲುಗಳನ್ನು ಮರಳಿ ಹಾಕಿ ಪೆನ್‌ಡ್ರೈವನ್ನು ನನ್ನ ಹತ್ತಿರವೇ ಬಿಟ್ಟಳು. ಮೂರನೆಯ ಸಲ ಎಣಿಸಿದೆ, ಇಪ್ಪತ್ತಾರು. ಲೆಕ್ಕ ಸರಿಯಾದರೆ ಹೊಲಿಗೆ ಹಾಕಬಹುದು. ನಾನು ಒಂದನ್ನೂ ತೆರೆದು ನೋಡದೆ ಅವಳನ್ನು ಮೂರರ ಬಸ್ಸಿಗೆ ಹತ್ತಿಸಿ ಬಂದೆ.

ಸೋಮವಾರ ಹತ್ತಕ್ಕೆ ಮೊದಲ ಫೈಲು ತೆರೆದೆ. ಕನ್ನಡ ಇರಲಿಲ್ಲ. ತಲೆಯ ಮೇಲೆ ಟೋಪಿ, ಕೆಳಗೆ ಬಾಲ ಇರುವ ಇಂಗ್ಲಿಷ್ ಅಕ್ಷರಗಳು ಪುಟದ ತುಂಬ ಚೆಲ್ಲಿದ್ದವು. ಎರಡನೆಯದೂ ಹಾಗೇ, ಇಪ್ಪತ್ತಾರನೆಯದೂ ಹಾಗೇ. ಆ ಗೊಂದಲದಲ್ಲಿ ತಾರೀಖಿನ ಅಂಕಿಗಳು ಮಾತ್ರ ಉಳಿದಿದ್ದವು. ವೇಳೆ ಅಕ್ಷರದಲ್ಲಿತ್ತು, ಆದ್ದರಿಂದ ವೇಳೆ ಇರಲಿಲ್ಲ. ತಂಗಿಯ ಮಗಳಿಗೆ ನಾಲ್ಕು ಸಲ ಫೋನ್ ಮಾಡಿದೆ. ಪರೀಕ್ಷೆಯ ಕೆಲಸದಲ್ಲಿದ್ದಳು, ಎತ್ತಲಿಲ್ಲ. ನೀರೊಲೆಯ ಮುಂದೆ ಹೋಗಿ ನಿಂತೆ. ಯಾಕೆ ಹೋದೆನೋ ತಿಳಿಯದು. ಬೂದಿಯನ್ನು ನಾನೇ ದಿನಾ ತೆಗೆದು ಚೆಲ್ಲುತ್ತೇನೆ.

ಮಧ್ಯಾಹ್ನ ಜಾಲಹಳ್ಳಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಕುರಿ ಕಾಯುವವರ ಮನೆಯವಳು. ಅವಳು ಸಣ್ಣವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಮಗಳು ಹುಟ್ಟಿದಾಗ ತಂದೆ ಹಿಂಡಿನ ಜೊತೆ ದೂರ ಇದ್ದ.

"ನರ್ಸವ್ವ, ಸಂಜಿಕ ಅಯ್ಯನೋರ ಕಡಿ ಹೊಂಟೀವಿ. ಹುಟ್ಟಿದ ಯಾಳ್ಯಾ ಬೇಕ್ರಿ. ತಾರೀಖು ಗೊತ್ತದ, ಯಾಳ್ಯಾ ನೀವ ಹೇಳಬೇಕು." ಆಮೇಲೆ ದನಿ ಇಳಿಸಿದಳು. "ಹುಡುಗ ನನಗ ಗೊತ್ತಿದ್ದವ ಇದ್ದಾನ್ರಿ. ಕೂಡಿ ಬರಲಿ ಅಂತ ಅನ್ರಿ."

ಅವಳು ಹೇಳಿದ ತಾರೀಖು ಪರದೆಯ ಮೇಲೆ ಎರಡು ಸಲ ಇತ್ತು. ಆ ದಿನ ಜಾಲಹಳ್ಳಿಯಲ್ಲಿ ಎರಡು ಹೆರಿಗೆ ಆಗಿದ್ದು ನೆನಪಿತ್ತು. ಯಾವ ಸಾಲು ಯಾರದು, ವೇಳೆ ಎಷ್ಟು ಎಂದು ಓದಲು ಬರುವಂತಿರಲಿಲ್ಲ. ಫೈಲು ಕೆಟ್ಟಿದೆ ಎಂದು ಹೇಳಬೇಕಾಗಿತ್ತು. ಹಾಗೆ ಹೇಳಿದರೆ ಎಲ್ಲವೂ ಹೋಯಿತು ಎಂದು ನಾನೇ ಒಪ್ಪಿಕೊಂಡಂತೆ ಆಗುತ್ತಿತ್ತು. ಅದಕ್ಕೆ ಅಂಜಿ ಕಣ್ಣು ಮುಚ್ಚಿದೆ. ಓಣಿ, ಕಂಬಳಿ, ನಸುಕಿನ ಬೆಳಕು ನೆನಪಾಯಿತು.

"ಬೆಳಿಗ್ಗೆ ಐದೂವರಿ," ಎಂದೆ.

ಸಂಜೆ ತಂಗಿಯ ಮಗಳು ಫೋನ್ ಮಾಡಿದಳು. ಏನೂ ಹೋಗಿಲ್ಲ, ನಾನು ಟೈಪ್ ಮಾಡಿದ್ದು ಹಳೆಯ ಕನ್ನಡ ಫಾಂಟಿನಲ್ಲಿ, ಅದು ಹೊಸ ವ್ಯವಸ್ಥೆಯಲ್ಲಿಲ್ಲ, ಅಷ್ಟೇ ಎಂದಳು. "ನಾನ ನೋಡಬೇಕಿತ್ತು, ತಪ್ಪು ನಂದು. ಲಗ್ನಪತ್ರಿಕಿ ಮಾಡೋ ಅಂಗಡಿಯೊಳಗ ಹಳೇ ಫಾಂಟ್ ಇರತದ, ಅಲ್ಲಿ ತಗದು ನೋಡು." ನಾನು ನಂಬಲಿಲ್ಲ. ಸಮಾಧಾನಕ್ಕೆ ಹೇಳುವ ಮಾತು ಹೇಗಿರುತ್ತದೆ ಎಂದು ನನಗೆ ಗೊತ್ತು. ನಾನೂ ಬಾಣಂತಿಯರಿಗೆ ಹಾಗೇ ಹೇಳಿದವಳು.

ಮಂಗಳವಾರ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಮಾಲೀಕ ಪೆನ್‌ಡ್ರೈವ್ ಹಾಕಿ ಒಂದು ಫೈಲು ಒತ್ತಿದ. ಕನ್ನಡ ಬಂತು. ನನ್ನ ಒಂದೊಂದು ಸಾಲೂ ಬಂತು.

"ಫೈಲಿಗೆ ಏನೂ ಆಗಿಲ್ರಿ ಯವ್ವಾ. ನಿಮ್ಮ ಮಷಿನ್ನಿಗೆ ಚಸ್ಮಾ ಇಲ್ಲ, ಅಷ್ಟ," ಎಂದ.

ಕುರ್ಚಿ ಎಳೆದುಕೊಂಡು ಕೂತೆ. ಆಮೇಲೆ ಜಾಲಹಳ್ಳಿಯ ಎರಡು ಸಾಲು ಓದಿದೆ. ಬೆಳಿಗ್ಗೆ ಐದೂವರೆ ಅದೇ ಓಣಿಯ ಬೇರೆ ಮನೆಯದು. ನನಗೆ ಫೋನ್ ಮಾಡಿದ ಹುಡುಗಿ ಹುಟ್ಟಿದ್ದು ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ. ನಿನ್ನೆಯ ಅಂಜಿಕೆ ಇದರ ಮುಂದೆ ಏನೂ ಅಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. ಹುಡುಗಿ ಅಳುತ್ತಿದ್ದಳು. "ಕೂಡೂದಿಲ್ಲ ಅಂದ್ರು ನರ್ಸವ್ವ. ಅಪ್ಪ ನಾಳೆ ಹುಡುಗನ ಮನಿಯವರಿಗೆ ಬ್ಯಾಡ ಅಂತ ಹೇಳಾಕ ಹೊಂಟಾನ."

ನಾನು ಹೇಳಿದ್ದು ತಪ್ಪು ವೇಳೆ, ಸರಿಯಾದದ್ದು ಸಂಜೆ ಆರು ಹತ್ತು ಎಂದೆ. ಆಮೇಲೆ ತಂದೆ ಫೋನ್ ತೆಗೆದುಕೊಂಡ. "ನಿನ್ನಿ ಒಂದು, ಇವತ್ತೊಂದು. ಆಕಿ ಅತ್ತಾಳಂತ ಯಾಳ್ಯಾ ಬದಲ ಮಾಡಾಕತ್ತೀರೇನ್ರಿ ನರ್ಸವ್ವ?"

ಆ ಸಾಲನ್ನು ಪ್ರಿಂಟ್ ಹಾಕಿಸಿಕೊಂಡು ದೇವದುರ್ಗದ ಬಸ್ ಹಿಡಿದೆ. ಅಲ್ಲಿಂದ ಜಾಲಹಳ್ಳಿಗೆ ಇನ್ನೊಂದು ಬಸ್. ದಾರಿಯುದ್ದಕ್ಕೂ ಕಾಗದವನ್ನು ಮಡಚುವುದು, ಬಿಚ್ಚುವುದು. ಅವನು ನಂಬದಿದ್ದರೆ ತೋರಿಸಲು ನೋಟುಬುಕ್ಕಿಲ್ಲ. ಒಂದೇ ದಫ್ತರ.

ತಂದೆಗೆ ಓದು ಬಾರದು. ಅಂಗಳದಲ್ಲಿ ಕುರಿಯುಣ್ಣೆ ಬಿಡಿಸುತ್ತ ಕೂತಿದ್ದ. "ನೀವ ಬರದದ್ದು, ನೀವ ಓದತೀರಿ. ನಾ ಏನಂತ ನಂಬ್ಲಿ?" ಎಂದ. ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು.

ನಾನು ಓದಿದೆ. ಸಂಜೆ ಆರು ಹತ್ತು. ಹೆಣ್ಣು. ಎರಡು ಕಿಲೊ ಏಳುನೂರು ಗ್ರಾಂ. ತಾಯಿ ಜೋಳದ ಗಂಜಿ ಕೇಳಿದಳು, ಮಜ್ಜಿಗೆ ಹಾಕಬೇಡಿ ಅಂದಳು, ಅದರ ವಾಸನೆಗೆ ವಾಂತಿ ಬರುತ್ತದೆ ಅಂದಳು.

ಅವನ ಕೈ ಉಣ್ಣೆಯ ಮೇಲೆ ನಿಂತಿತು.

"ಮಜ್ಜಿಗಿ ಮುಟ್ಟತಿದ್ದಿಲ್ಲ ಆಕಿ," ಎಂದು ನೆಲ ನೋಡುತ್ತ ಹೇಳಿದ. "ಕುರಿಯವರ ಮನಿಗೆ ಬಂದು ಮಜ್ಜಿಗಿ ಒಲ್ಲದಾಕಿ ಅಂತ ನಮ್ಮವ್ವ ಆಡಿಕೋತಿದ್ದಳು." ಎದ್ದು ಟವೆಲ್ ಹೆಗಲಿಗೆ ಹಾಕಿ ಮಗಳನ್ನು ಕರೆದ. "ನಡಿ ಬೇ, ಅಯ್ಯನೋರ ಮನಿಗೆ ಹೋಗೂಣು. ಕಾಗದ ತಗೋ."

ಅವರು ಬರುವ ತನಕ ಕಾಯಲು ನನಗೆ ಧೈರ್ಯವಾಗಲಿಲ್ಲ, ಬಸ್ ಹತ್ತಿದೆ. ದೇವದುರ್ಗದಲ್ಲಿ ಇಳಿಯುವಾಗ ಹುಡುಗಿಯ ಫೋನ್ ಬಂತು. "ಕೂಡತದಂತ್ರಿ," ಎಂದಳು. ಆ ಕಾಗದ ತನಗೇ ಇರಲಿ ಎಂದೂ ಕೇಳಿದಳು.

ಮುಂದಿನ ಭಾನುವಾರ ತಂಗಿಯ ಮಗಳು ಬಂದು ಆ ಹಳೆಯ ಫಾಂಟನ್ನು ಹೊಸ ವ್ಯವಸ್ಥೆಗೆ ಹಾಕಿದಳು. ಈಗ ಎಲ್ಲ ಓದಲು ಬರುತ್ತದೆ. ಆದರೂ ದಿನಾ ಹತ್ತಕ್ಕೆ ಕೂತು ಪರದೆ ನೋಡಿ ನೋಟುಬುಕ್ಕಿಗೆ ಮರಳಿ ಬರೆಯುತ್ತಿದ್ದೇನೆ. ಸಿಸ್ಟರ್ ಇದ್ದಿದ್ದರೆ ಬೈಯುತ್ತಿದ್ದರು.

ಯಂತ್ರದ ಅಂಜಿಕೆ ಹೋಗಿದೆ. ಉಳಿದದ್ದು ಬೇರೆ. ಹಿಂದೆ ಅಡುಗೆಯ ಹೊತ್ತಿನಲ್ಲಿ ಫೋನ್ ಬಂದಾಗ ಫೈಲು ತೆರೆಯದೆ ನೆನಪಿನಿಂದಲೇ ವೇಳೆ ಹೇಳಿದ್ದುಂಟು. ಅಂಥ ನಾಲ್ಕು ಮನೆಗಳು ಗೊತ್ತಿವೆ. ನಿನ್ನೆ ಅವುಗಳಲ್ಲಿ ಬಾಗಲವಾಡದ ಮನೆಗೆ ಫೋನ್ ಮಾಡಿ, ಅವತ್ತು ಏನು ಹೇಳಿದ್ದೆ ಎಂದು ಕೇಳಿ, ಫೈಲಿನ ಜೊತೆ ತಾಳೆ ನೋಡಿದೆ. ಸರಿ ಇತ್ತು. ಇನ್ನೂ ಮೂರು ಮನೆ ಉಳಿದಿವೆ.