ಎಲೆ ಕೀಳುವ ಚಿಕ್ಕಮಾದಮ್ಮ

ಬೆಳಗಿನ ಆರು ಗಂಟೆ. ಹರವೆ ಹತ್ತಿರದ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಚಿಕ್ಕಮಾದಮ್ಮ ಕುಕ್ಕರಗಾಲಲ್ಲಿ ಕೂತು ಬಸರಿ ಸಸಿಗಳ ಎಲೆ ಕೀಳುತ್ತಿದ್ದಾರೆ. ಒಂದೊಂದು ಸಸಿಯ ತುದಿಯಲ್ಲೂ ಮೂರೇ ಎಲೆ ಉಳಿಯುತ್ತವೆ. ತೊಟ್ಟಿನ ಹಾಲು ಬೆರಳಿಗೆ ಅಂಟುತ್ತದೆ. ಸೆರಗಿಗೆ ಒರೆಸಿಕೊಂಡು ಮುಂದಿನದಕ್ಕೆ ಕೈ ಹಾಕುತ್ತಾರೆ.

"ನೋಡಕ್ಕೆ ಪಾಪ ಅನ್ಸುತ್ತೆ ಕಣಮ್ಮಿ. ಆದ್ರೆ ಈ ಆಷಾಢದ ಗಾಳೀಲಿ ಇಷ್ಟು ಎಲೆ ಒತ್ಕಂಡೋದ್ರೆ ವಾರದೊಳಗೆ ಒಣಗೋಯ್ತವೆ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ.

ಹದಿನಾಲ್ಕು ವರ್ಷದ ಹಿಂದೆ ಸಸಿಯ ಪ್ಲಾಸ್ಟಿಕ್ ಪಾಕೆಟ್‌ಗೆ ಮಣ್ಣು ತುಂಬಲು ದಿನಗೂಲಿಗೆ ಬಂದವರು ಇವರು. ಈಗ ಆರು ಸಾವಿರ ಸಸಿಗಳಿಗೆ ನೀರುಣಿಸುತ್ತಾರೆ. ಮೋಡ ಕವಿದು ಸೆಕೆ ಇದ್ದರೆ ಹತ್ತು ಕ್ಯಾನ್ ಕಡಿಮೆ. ಗಾಳಿ ಎದ್ದರೆ, ಬಿಸಿಲಿಲ್ಲದಿದ್ದರೂ, ಸಂಜೆ ಇನ್ನೊಂದು ಸುತ್ತು. ಯಾರು ಹೇಳಿಕೊಟ್ಟರು ಎಂದರೆ ನಗುತ್ತಾರೆ. "ಒಗೆದ ಬಟ್ಟೆ ಗಾಳೀಗೆ ಬೇಗ ಒಣಗಲ್ವಾ? ಎಲೆನೂ ಅಂಗೇಯ."

ಪ್ರತಿ ವರ್ಷವೂ ಹೀಗೆ ಎಲೆ ಕಿತ್ತೇ ಕಳಿಸುತ್ತಿದ್ದರು; ಯಾರೂ ಗಮನಿಸಿರಲಿಲ್ಲ. ಈ ಸಲ, ೧೯೯೬ರ ವನಮಹೋತ್ಸವಕ್ಕೆ, ಗುಂಡ್ಲುಪೇಟೆ ರಸ್ತೆಯಲ್ಲಿ ನೂರು ಸಸಿ ನೆಡುವ ಸಮಾರಂಭ. ಗಣ್ಯರು, ಶಾಲೆಯ ಮಕ್ಕಳು, ಫೋಟೋ. ಲಾರಿಯೊಂದಿಗೆ ಬಂದ ಗಾರ್ಡ್ ಶಾಂತರಾಜು ಬೋಳು ಕಡ್ಡಿಗಳ ಸಾಲು ಕಂಡು ಬೆಚ್ಚಿಬೀಳುತ್ತಾರೆ.

"ಏನ್ ಮಾದಮ್ಮ ಇದು? ಮನೇಲಿ ಎಷ್ಟು ಮೇಕೆ ಸಾಕಿದ್ದೀಯಾ?"

"ಮೇಕೆ ಮೇದಿದ್ರೆ ಲೆಕ್ಕವಾಗಿ ಮೂರೆಲೆ ಬುಟ್ಟಿರ್ತಿತ್ತಾ ಸ್ವಾಮಿ?"

ಲಾರಿಯ ಮೇಲಿದ್ದವರು ಗೊಳ್ಳೆನ್ನುತ್ತಾರೆ. ಶಾಂತರಾಜು ನಗುವುದಿಲ್ಲ. "ಇನ್ನೊಂದು ಎಲೆ ಕಿತ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ." ದಿನಗೂಲಿಯವರಿಗೆ ಅಷ್ಟು ಮಾತೇ ಸಾಕು. ಚಿಕ್ಕಮಾದಮ್ಮನ ಕೈ ನಿಲ್ಲುತ್ತದೆ. ಐವತ್ತು ಸಸಿ ಮುಗಿದಿವೆ, ಇನ್ನೈವತ್ತು ಬಾಕಿ.

ಜೀಪಿನಲ್ಲಿ ಬಂದ ರೇಂಜರ್ ಗಂಗಾಧರಸ್ವಾಮಿಯವರು ಕಾರಣ ಕೇಳುತ್ತಾರೆ. ಆಕೆ ಅವರನ್ನು ಬೇಲಿಯ ಹೊಂಗೆ ಮರದತ್ತ ಕರೆದೊಯ್ಯುತ್ತಾರೆ. ಎಲೆ ಎಷ್ಟು ನೀರು ಬಿಡುತ್ತದೆಂದು ನೋಡಲು ಹಿಂದಿನ ದಿನ ಬೆಳಿಗ್ಗೆ ಆಕೆಯೇ ಎರಡು ಕೊಂಬೆಗೆ, ಎಲೆ ಒಳಗಿರುವಂತೆ, ಖಾಲಿ ಪ್ಲಾಸ್ಟಿಕ್ ಕವರ್ ಕಟ್ಟಿದ್ದರಂತೆ. ಬಿಸಿಲಿಗಿದ್ದ ಕವರಿನ ಮೂಲೆಯಲ್ಲಿ ಎರಡು ಚಮಚದಷ್ಟು ನೀರು. ನೆರಳಿನದರಲ್ಲಿ ಬರೀ ತೇವ.

"ಯಾರೂ ಉಯ್ದಿಲ್ಲ ಬುದ್ಧಿ. ಎಲೆ ಬುಟ್ಟಿರೋ ನೀರು."

"ನೆಟ್ಟ ಮೇಲೆ ಚೆನ್ನಾಗಿ ನೀರು ಹಾಕಿದರಾಯ್ತಲ್ಲಮ್ಮ?"

"ನೆಡಕ್ಕೆ ಪಾಕೆಟ್ ಅರಿದಾಗ ಬೇರು ಕಿತ್ತೋಯ್ತದೆ. ಬೇರು ಕುಡಿಯೋದು ಒಂದು ಲೋಟ, ಎಲೆ ಕೇಳೋದು ಒಂದು ಕೊಡ. ಅದೆಲ್ಲಿಂದ ತಂದ್ಕೊಟ್ಟಾದು?"

ರೇಂಜರ್ ತೀರ್ಮಾನ ಕೊಡುತ್ತಾರೆ: ಕಿತ್ತಿರುವ ಐವತ್ತು ರಸ್ತೆಯ ಎಡಕ್ಕೆ, ಎಲೆ ತುಂಬಿದ ಐವತ್ತು ಗಣ್ಯರು ನಿಲ್ಲುವ ಬಲಕ್ಕೆ. ಎಡಗಡೆಯವು ಸತ್ತರೆ ಚಿಕ್ಕಮಾದಮ್ಮ ಮನೆಗೆ. ಎರಡೂ ಕಡೆ ಟ್ಯಾಂಕರ್ ನೀರು ಸಮನಾಗಿ.

ಇಪ್ಪತ್ತು ದಿನಗಳ ನಂತರ ಅದೇ ರಸ್ತೆಯಲ್ಲಿ ಆಕೆಯೊಂದಿಗೆ ನಡೆಯುತ್ತಿದ್ದೇನೆ. ಈರುಳ್ಳಿ ಲಾರಿಗಳು ಹಾದುಹೋದಾಗಲೆಲ್ಲ ಗಾಳಿಗೆ ಇನ್ನಷ್ಟು ಧೂಳು. ಎಡಗಡೆ ನಲವತ್ತಾರು ಕಡ್ಡಿಗಳ ತುದಿಯಲ್ಲಿ ಕೆಂಪು ಚಿಗುರು. ಬಲಗಡೆ ಹಸಿರಾಗಿರುವುದು ಹನ್ನೊಂದು. ಉಳಿದವುಗಳ ಬುಡದ ಮಣ್ಣು ಒದ್ದೆಯೇ ಇದೆ. ಎಲೆ ಮಾತ್ರ ಹಪ್ಪಳದಂತೆ ಮುದುಡಿವೆ.

ಶಾಂತರಾಜು ಸೈಕಲ್ ನಿಲ್ಲಿಸಿ, ಕೆಮ್ಮಿ, "ಗೆದ್ಬುಟ್ಟೆ ಬುಡು ಮಾದಮ್ಮ. ನಾಳೆ ಬೇಗ ಬಾ, ಹುಣಸೆ ಬೀಜ ಬಂದದೆ" ಎನ್ನುತ್ತಾರೆ. ಕೆಲಸ ಉಳಿಯಿತು. ಆಕೆ ನಗುತ್ತಾರೆಂದು ಕಾದಿದ್ದೆ. ಆದರೆ ಅವರು ರಸ್ತೆ ದಾಟಿ ಬಲಗಡೆಯ ಒಣ ಕಡ್ಡಿಯೊಂದನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ಒಳಗೂ ಕಂದು.

"ಗೆದ್ದೆ ಅಂತ ಪೇಪರ್ನಲ್ಲಿ ಬರೀಬೇಡ ಕಣಮ್ಮಿ," ಎನ್ನುತ್ತಾರೆ. "ಇವೂ ನಾನು ಸಾಕಿದ್ದವೇಯ."