ಕಪ್ಪು ಡಬ್ಬಿಯ ಡಿಸ್ಕು, ಬಿಚ್ಚದ ಗಂಟು

ಇದನ್ನು ಮೊದಲು ಹೇಳಿದ್ದು ನನ್ನ ಹೆಂಡತಿಗೆ. ಅವಳು ನಗಲಿಲ್ಲ, ನಂಬಿದೆ ಎಂದೂ ಹೇಳಲಿಲ್ಲ. ಸುಮ್ಮನೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ನೀವು ನಂಬದಿದ್ದರೂ ನನಗೆ ಬೇಜಾರಿಲ್ಲ. ಸುರಪುರದಲ್ಲಿ ಟಿವಿ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ದೆವ್ವ ಅಂದರೆ ಲೂಸ್ ಕನೆಕ್ಷನ್ ಎಂದು ಊರ ತುಂಬ ಸಾರಿಕೊಂಡು ತಿರುಗಿದವನು. ಈಗ ಆ ಮಾತು ಆಡುವುದಿಲ್ಲ. ಆ ರಾತ್ರಿ ನಾನು ಅಲ್ಲೇ ಇದ್ದೆ.

ಶಹಾಪುರದಲ್ಲಿ ಶೇಖರಪ್ಪ ಸಾವ್ಕಾರ ಎಂಬ ಹತ್ತಿ ವ್ಯಾಪಾರಿ ಇದ್ದಾನೆ. ಇದ್ದಾನೆ ಎಂದೇ ಹೇಳಬೇಕು, ಸತ್ತಿಲ್ಲ. ಅವನಿಗೆ ಹೆಣ ಎದ್ದು ಬರುವ ಸಿನಿಮಾಗಳ ಹುಚ್ಚು. ಹಿಂದೆ ನಾನು ವಿಡಿಯೋ ಪಾರ್ಲರ್ ನಡೆಸುತ್ತಿದ್ದಾಗ ನನ್ನಲ್ಲಿದ್ದ ಒಂದು ಕಪ್ಪು ಬಿಳುಪಿನ ಇಂಗ್ಲಿಷ್ ಪಿಚ್ಚರಿನ ಕ್ಯಾಸೆಟ್ಟನ್ನು ಸವೆಯುವಷ್ಟು ಸಲ ನೋಡಿದ್ದ. ಪಿಚ್ಚರಿಗಿಂತ ಹೆಚ್ಚಾಗಿ ನೋಡುತ್ತಿದ್ದದ್ದು ಪಕ್ಕದಲ್ಲಿ ಹೆದರಿ ಕೂತವರ ಮುಖವನ್ನು. ಇನ್ನೊಬ್ಬರ ಹೆದರಿಕೆ ಅವನಿಗೆ ಹೋಳಿಗೆ ಊಟ ಇದ್ದ ಹಾಗೆ.

ಅದೇ ಪಿಚ್ಚರು ಈಗ ಹೊಸದಾಗಿ ತೊಳೆದು, ತಿದ್ದಿ, ಸಂಗ್ರಹಕಾರರಿಗೆಂದೇ ಕಪ್ಪು ತಗಡಿನ ಡಬ್ಬಿಯಲ್ಲಿ ಬಂದಿದೆಯಂತೆ. ಮುಂಬೈಯ ದಲಾಲನೊಬ್ಬನ ಕಡೆಯಿಂದ ತರಿಸಿಕೊಂಡಿದ್ದ. ಬೇರೆ ದೇಶದ ಡಿಸ್ಕು ನಮ್ಮ ಪ್ಲೇಯರಿನಲ್ಲಿ ಓಡುವುದಿಲ್ಲ, ಅದರ ಬೀಗ ತೆಗೆಯಲು ಬಾ ಎಂದು ಸಂಜೆ ನನಗೆ ಫೋನ್ ಮಾಡಿದ. ಬೈಕ್ ಹತ್ತಿ ಹೋದೆ.

ಅವನ ಮನೆಯಲ್ಲಿ ಆಗ ಇದ್ದವಳು ಗೌರಮ್ಮ ಒಬ್ಬಳೇ, ಅವನ ತಮ್ಮ ಶಿವಪ್ಪನ ಹೆಂಡತಿ. ಶಿವಪ್ಪ ಎದೆನೋವು ಎಂದು ಕೂತವನು ಹಾಗೇ ಹೋಗಿಬಿಟ್ಟಿದ್ದ, ತಿಂಗಳೂ ತುಂಬಿರಲಿಲ್ಲ. ಮಕ್ಕಳಿಲ್ಲ. ಮನೆಯಲ್ಲಿ ಅರ್ಧ ಪಾಲು ತಮ್ಮನದು. ಗೌರಮ್ಮ ತವರಾದ ಕಕ್ಕೇರಾಕ್ಕೆ ಹೊರಟು ಹೋದರೆ ಆ ಅರ್ಧವನ್ನು ಹತ್ತಿ ಗೋದಾಮು ಮಾಡಬಹುದು ಎಂಬುದು ಶೇಖರಪ್ಪನ ಲೆಕ್ಕ. ಅವಳು ಹೋಗುವುದಿಲ್ಲ ಎಂದಿದ್ದಳು. ಅಲ್ಲಿ ಅವಳಿಗೆ ಅಪ್ಪ ಅವ್ವ ಇಲ್ಲ, ಇರುವುದು ಇದೊಂದೇ ಸೂರು. ಬೈದು ನೋಡಿದ್ದ, ಆಗಿರಲಿಲ್ಲ. ಈಗ ಹೆದರಿಸುವ ಸರದಿ. ತನ್ನ ಹೆಂಡತಿಯನ್ನು ಮಗಳ ಮನೆಗೆ ಕಳಿಸಿದ್ದೂ ಅದಕ್ಕೇ ಎಂದು ಆಮೇಲೆ ಹೊಳೆಯಿತು.

ಶಿವಪ್ಪನ ಮಣ್ಣಿಗೆ ನಾನೂ ಹೋಗಿದ್ದೆ. ಶಹಾಪುರದ ಗುಡ್ಡ ಬುದ್ಧ ಮಲಗಿದ ಹಾಗೆ ಕಾಣಬಹುದು, ನಮ್ಮ ಜನರ ಹೆಣ ಮಲಗುವುದಿಲ್ಲ. ಸತ್ತವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮೈ ವಾಲಬಾರದೆಂದು ಎದೆಗೆ ಬಿಳಿ ಬಟ್ಟೆ ಸುತ್ತಿ, ಬೆನ್ನ ಹಿಂದೆ ಗಂಟು ಹಾಕಿ, ಗೋಡೆಯ ಗೂಟಕ್ಕೆ ಬಿಗಿಯುತ್ತೇವೆ. ರಾತ್ರಿಯೆಲ್ಲ ಭಜನೆ. ಗುಂಡಿಯಲ್ಲಿಯೂ ಕೂರಿಸಿಯೇ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರಿ ತುಂಬಿ ಮುಚ್ಚುತ್ತೇವೆ. ಆದರೆ ಮನೆಯಿಂದ ಎತ್ತುವ ಮೊದಲು ಆ ಗಂಟು ಬಿಚ್ಚಲೇಬೇಕು. ಹೋಗುವವನಿಗೆ ಕಟ್ಟು ಇರಬಾರದು.

ಅಂದು ಶೇಖರಪ್ಪನಿಗೆ ಅವಸರ. ಹತ್ತಿ ಲಾರಿ ಬಂದು ನಿಂತಿತ್ತು. ಗೂಟದ ಹತ್ತಿರ ಬಟ್ಟೆಯನ್ನು ಚಾಕುವಿನಿಂದ ಕೊಯ್ದು, ಎತ್ತಿ ಎಂದ. ಗಂಟು ಹೆಣದ ಬೆನ್ನಲ್ಲೇ ಉಳಿಯಿತು. ಗೌರಮ್ಮ ಅಡ್ಡ ಬಂದು, ಗಂಟು ಬಿಚ್ರಿ ಭಾವಾರ ಎಂದು ಕೈಮುಗಿದಳು.

"ಹೆಣಕ್ಕ ಗಂಟಿದ್ರೇನು, ಬಿಟ್ರೇನು. ಸರಿ ಅತ್ತಾಗ" ಅಂದ.

ಅದು ಹಾಗೇ ಮಣ್ಣಿಗೆ ಹೋಯಿತು.

ಸರಿ, ಆ ಸಂಜೆ ಡಿಸ್ಕಿನ ಬೀಗ ತೆಗೆದೆ. ಡಿಸ್ಕು ಓಡಿತು. ಪಡಸಾಲೆಯ ದೀಪ ಆರಿಸಿ ಶೇಖರಪ್ಪ ಸೋಫಾದ ಮೇಲೆ ಕಾಲು ಚಾಚಿದ. ಆಮೇಲೆ ಒಳಗೆ ಕೂಗಿ ಗೌರಮ್ಮನನ್ನು ಕರೆದ.

"ಬಾ, ಕುಂಡ್ರು. ಸತ್ತವ್ರು ಹ್ಯಾಂಗ ತಿರುಗಿ ಬರ್ತಾರ ನೋಡು."

ಅವಳು ಸೆರಗು ಎಳೆದುಕೊಂಡು ಹೊಸ್ತಿಲ ಪಕ್ಕ ನೆಲದ ಮೇಲೆ ಕೂತಳು. ನನಗೆ ಎದ್ದು ಹೋಗಬೇಕೆನಿಸಿತು. ಮನೆಯ ಜಗಳದಲ್ಲಿ ನಮ್ಮದೇನು ಎಂದುಕೊಂಡು ಕೂತೆ.

ಪರದೆಯ ಮೇಲೆ ಹೆಣಗಳು ಎದ್ದವು, ನಡೆದವು, ತಿಂದವು. ಶೇಖರಪ್ಪ ಪ್ರತಿಯೊಂದಕ್ಕೂ ವಿವರಣೆ ಕೊಡುತ್ತಿದ್ದ. ಶಿವಪ್ಪನಿಗೂ ಈಗ ಹಸಿವಾಗಿರಬೇಕು, ಮೊದಲು ಹೆಂಡತಿಯ ಹತ್ತಿರವೇ ಬರುತ್ತಾನೆ, ಇವತ್ತು ಹಿತ್ತಲ ಬಾಗಿಲು ಸರಿಯಾಗಿ ಹಾಕಿಕೋ ಎಂದ. ಮಾತಾಡುವಾಗ ಅವನ ಕಣ್ಣು ಟಿವಿಯ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು. ನನಗೆ ಹೇಸಿಗೆಯಾಯಿತು.

ಗೌರಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಇವ್ರು ಮಲಗಿದ್ದವ್ರು, ಆದ್ರೂ ಎದ್ದಾರ. ನಮ್ಮವ್ರು ಕುಂತಾರಲ್ರಿ ಭಾವಾರ. ಏಳೂದು ಇನ್ನೂ ಸಲೀಸು."

ಶೇಖರಪ್ಪ ನಕ್ಕ. ಆ ನಗೆ ಸ್ವಲ್ಪ ತಡವಾಗಿ ಬಂತು.

ಆಗ ಬಂತು ಆ ಬಯಲಿನ ದೃಶ್ಯ. ಸತ್ತವರೆಲ್ಲ ಮರಗಳ ನಡುವಿನಿಂದ ಮನೆಯ ಕಡೆ ನಡೆದು ಬರುತ್ತಾರೆ... ನನಗೆ ಅದು ಬಾಯಿಪಾಠ. ಎಷ್ಟು ಹೆಣ, ಯಾವುದು ಕುಂಟುತ್ತದೆ, ಎಲ್ಲ ಗೊತ್ತು. ಆದರೆ ಹಳೆಯ ಕ್ಯಾಸೆಟ್ಟಿನಲ್ಲಿ ಚಿತ್ರದ ಎರಡೂ ಅಂಚು ಕತ್ತರಿಸಿ ಹೋಗಿದ್ದವು. ಈ ಡಿಸ್ಕಿನಲ್ಲಿ ಪೂರ್ತಿ ಚಿತ್ರ ಇತ್ತು, ಹುಲ್ಲಿನ ಎಸಳೂ ಕಾಣುತ್ತಿತ್ತು.

ಎಡ ಅಂಚಿನಲ್ಲಿ, ದೂರದ ಮರದ ಕೆಳಗೆ ಒಬ್ಬ ನಡೆಯುತ್ತಿರಲಿಲ್ಲ. ಕೂತಿದ್ದ.

ಕಾಲು ಮಡಚಿ, ಬೆನ್ನು ನೆಟ್ಟಗೆ. ಎಡಗೈ ಮಡಿಲಲ್ಲಿ, ಅಂಗೈ ಮೇಲ್ಮುಖವಾಗಿ. ಎದೆಗೆ ಅಡ್ಡವಾಗಿ ಬಿಳಿ ಬಟ್ಟೆಯ ಪಟ್ಟಿ.

ಇಂಗ್ಲಿಷ್ ಪಿಚ್ಚರಿನಲ್ಲಿ ನಮ್ಮ ಹೆಣ ಎಲ್ಲಿಂದ ಬರಬೇಕು? ಕಣ್ಣಿಗೆ ಏನೋ ಆಗಿದೆ ಎಂದು ರಿಮೋಟಿನಿಂದ ಹಿಂದಕ್ಕೆ ತಿರುಗಿಸಿದೆ. ಅದೇ ದೃಶ್ಯ ಮತ್ತೆ ಬಂತು. ಈ ಸಲ ಅವನು ಮರದ ಕೆಳಗೆ ಇರಲಿಲ್ಲ. ಮರದ ಈಚೆ, ಬೇಲಿಯ ಹತ್ತಿರ ಇದ್ದ. ಹಾಗೇ ಕೂತಿದ್ದ.

"ಏನ್ ನೋಡ್ತಿ, ಮುಂದ ಹಾಕು" ಅಂದ ಶೇಖರಪ್ಪ. ಅವನೂ ನೋಡಿದ್ದ. ದನಿ ಸಣ್ಣದಾಗಿತ್ತು.

ಟಿವಿ ಆರಿತು.

ಕರೆಂಟು ಹೋಗಿರಲಿಲ್ಲ, ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಅಭ್ಯಾಸಬಲ ನೋಡಿ, ನಾನು ಕತ್ತಲಲ್ಲಿ ತಡಕಾಡಿ ಪ್ಲಗ್ಗನ್ನು ಒತ್ತಿದೆ. ಬಿಗಿಯಾಗಿಯೇ ಇತ್ತು.

ಆಗ ಕೇಳಿಸಿತು. ಹಿತ್ತಲ ಕಡೆಯಿಂದ...

ಸರ್‍... ಸ್ವಲ್ಪ ನಿಂತಿತು. ಸರ್‍... ಮತ್ತೆ ನಿಂತಿತು. ನಡಿಗೆಯ ಸದ್ದಲ್ಲ. ನಡೆಯಲು ಬಾರದ ಕೂಸು ಕೂತಲ್ಲಿಂದಲೇ ಸರಿಯುತ್ತದಲ್ಲ, ಅಂಥ ಸದ್ದು. ಆದರೆ ಭಾರ ಕೂಸಿನದಲ್ಲ. ಹಸಿ ಮಣ್ಣಿನ ವಾಸನೆ ಬಂತು. ಅದರ ಹಿಂದೆಯೇ ವಿಭೂತಿ, ಕೊಳೆತ ಪತ್ರಿ.

"ಕುಂತ ಕುಂತನ ಬರಾಕತ್ತಾರ" ಅಂದಳು ಗೌರಮ್ಮ. ಅಳುತ್ತಿರಲಿಲ್ಲ. "ಗಂಟೈತಲ್ರಿ. ಹ್ಯಾಂಗ ಏಳ್ತಾರ."

ಅವಳು ಎದ್ದಳು, ಬಳೆ ಇಲ್ಲದ ಕೈ ಗೋಡೆ ಸವರಿದ್ದು ಕೇಳಿಸಿತು. ಬಾಗಿಲು ತೆಗೆಯಬೇಡ ಎಂದು ಶೇಖರಪ್ಪ ಪಿಸುಗುಟ್ಟಿದ. ಇಷ್ಟು ವರ್ಷದಲ್ಲಿ ಅವನು ಯಾರನ್ನಾದರೂ ಬೇಡಿದ್ದನ್ನು ಕೇಳಿದ್ದು ಅದೇ ಮೊದಲು. ಚಿಲಕ ಸರಿಯಿತು. ತಣ್ಣನೆಯ ಗಾಳಿ ಒಳಗೆ ಬಂತು.

ಆಮೇಲೆ ಬಹಳ ಹೊತ್ತು ಅವಳು ಬಗ್ಗಿ ಏನೋ ಮಾಡುತ್ತಿದ್ದಳು. ಒದ್ದೆಯಾಗಿ ಬಿಗಿದುಕೊಂಡ ಗಂಟನ್ನು ಉಗುರಿನಿಂದ ಕೆದಕುವ ಸದ್ದು... ಕೊನೆಗೆ ಬಟ್ಟೆ ಸಡಿಲವಾಗಿ ನೆಲಕ್ಕೆ ಬಿದ್ದ ಸದ್ದು.

ಅದರ ನಂತರ ಕೇಳಿಸಿದ್ದು ಸರಿಯುವ ಸದ್ದಲ್ಲ. ಹೆಜ್ಜೆ. ಬರಿಗಾಲಿನ ಹೆಜ್ಜೆಗಳು ನಿಧಾನವಾಗಿ ಪಡಸಾಲೆ ದಾಟಿ, ನನ್ನ ಮೊಣಕಾಲ ಪಕ್ಕದಲ್ಲೇ ಹಾದು, ಸೋಫಾದ ಹತ್ತಿರ ನಿಂತವು. ಶೇಖರಪ್ಪನ ಗಂಟಲಿನಿಂದ ಒಂದು ಸಣ್ಣ ಸ್ವರ ಬಂತು. ಆಮೇಲೆ ಹೆಜ್ಜೆಗಳು ಬೀದಿ ಬಾಗಿಲಿನಿಂದ ಹೊರಗೆ ಹೋದವು.

ಮೊಬೈಲ್ ಬೆಳಕು ಹಾಕಿದೆ. ಸೋಫಾ ಖಾಲಿ. ಶೇಖರಪ್ಪ ಗೋಡೆಯ ಗೂಟದ ಕೆಳಗೆ, ತಮ್ಮನನ್ನು ಕೂರಿಸಿದ್ದ ಜಾಗದಲ್ಲೇ ಕೂತಿದ್ದ. ಕಾಲು ಮಡಚಿ, ಬೆನ್ನು ನೆಟ್ಟಗೆ, ಎಡ ಅಂಗೈ ಮೇಲ್ಮುಖವಾಗಿ. ಕಣ್ಣು ತೆರೆದಿತ್ತು. ಉಸಿರಾಡುತ್ತಿದ್ದ.

ಇವತ್ತಿಗೂ ಹಾಗೇ ಇದ್ದಾನೆ. ಕಲಬುರಗಿ, ರಾಯಚೂರು, ಎಲ್ಲ ಕಡೆ ತೋರಿಸಿದರು. ನರ ಸರಿ ಇದೆ, ಮೂಳೆ ಸರಿ ಇದೆ ಎನ್ನುತ್ತಾರೆ. ಹಾಸಿಗೆಯ ಮೇಲೆ ಮಲಗಿಸಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿಸಿದರೆ ಬದುಕುತ್ತಾನೆ. ಅವನ ಹೆಂಡತಿ ಬಂದು ಒಂದು ರಾತ್ರಿ ಇದ್ದು ಮಗಳ ಮನೆಗೆ ವಾಪಸ್ ಹೋದಳು. ಏನು ಕೇಳಿಸಿತು ಎಂದು ಯಾರಿಗೂ ಹೇಳಿಲ್ಲ. ಈಗ ಅವನಿಗೆ ಉಣಿಸುವುದು, ತೊಳೆಯುವುದು ಎಲ್ಲ ಗೌರಮ್ಮನೇ. ದೇವರಂಥ ಹೆಣ್ಣುಮಗಳು ಎಂದು ಓಣಿಯ ಜನ ಹೊಗಳುತ್ತಾರೆ.

ಮೊನ್ನೆ ಪ್ಲೇಯರ್ ಕೆಟ್ಟಿದೆ ಎಂದು ಅವಳು ಕರೆಸಿದಳು. ದಿನಾ ಸಂಜೆ ಅದೇ ಡಿಸ್ಕು ಹಾಕುತ್ತಾಳಂತೆ. ಭಾವನವರಿಗೆ ಆ ಪಿಚ್ಚರ್ ಅಂದರೆ ಜೀವ ಎಂದಳು. ಅವಳು ಚಹಾ ತರಲು ಒಳಗೆ ಹೋದಾಗ ಶೇಖರಪ್ಪ ಪಿಸುಗುಟ್ಟಿದ.

"ಮಲ್ಲಣ್ಣ, ನನ್ನ ಬೆನ್ನ ಹಿಂದ ಕೈ ಹಾಕೋ. ಗಂಟು ಬಿಚ್ಚೋ."

ಬಗ್ಗಿ ನೋಡಿದೆ. ಅಂಗಿ, ಗೋಡೆ, ಅಷ್ಟೇ. ಆದರೂ ಕೈ ಹಾಕಿದೆ. ಕಣ್ಣಿಗೆ ಏನೂ ಕಾಣದ ಕಡೆ ಬೆರಳಿಗೆ ಬಟ್ಟೆ ಸಿಕ್ಕಿತು. ಒದ್ದೆ ಬಟ್ಟೆ, ಬಿಗಿದ ಗಂಟು.

ತಲೆ ಎತ್ತಿದರೆ ಗೌರಮ್ಮ ಚಹಾದ ಕಪ್ಪು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನಲ್ಲ, ಅವನನ್ನು ನೋಡುತ್ತಿದ್ದಳು.

"ನೀವ ಹೇಳಿದ್ದಲ್ರಿ ಭಾವಾರ" ಅಂದಳು. "ಗಂಟಿದ್ರೇನು, ಬಿಟ್ರೇನು."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಪಿಚ್ಚರ್ ಹಾಕಿ ಹೋಗ್ರಿ ಅಣ್ಣಾರ ಎಂದಳು. ಹಾಕಿದೆ. ಬಯಲಿನ ದೃಶ್ಯ ಬರುವವರೆಗೆ ಕಾಲು ಏಳಲಿಲ್ಲ. ಎಡ ಅಂಚಿನಲ್ಲಿ ಯಾರೂ ಇರಲಿಲ್ಲ, ಬರೀ ಹುಲ್ಲು. ಶೇಖರಪ್ಪನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಗೌರಮ್ಮ ಹೊಸ್ತಿಲ ಪಕ್ಕ ಕೂತು, ಟಿವಿಗೆ ಬೆನ್ನು ಮಾಡಿ, ಅವನ ಮುಖವನ್ನೇ ನೋಡುತ್ತಿದ್ದಳು.

ಬೆರಳಿನ ವಿಭೂತಿ ವಾಸನೆ ಸೋಪು ಹಾಕಿ ತಿಕ್ಕಿದರೂ ಹೋಗಿಲ್ಲ. ಗಂಟು ಬಿಚ್ಚದೆ ಶಿವಪ್ಪನ ಗುಂಡಿಗೆ ಮಣ್ಣು ಎಳೆದವರಲ್ಲಿ ನಾನೂ ಇದ್ದೆನಲ್ಲ... ಅಂಗಡಿಯಲ್ಲಿ ಗೋಡೆಗೆ ಒರಗಿ ಕೆಲಸ ಮಾಡುವಾಗ ನಡುನಡುವೆ ಸುಮ್ಮನೆ ಎದ್ದು ನಿಲ್ಲುತ್ತೇನೆ. ಗಿರಾಕಿಗಳು ಯಾಕೆ ಎಂದು ಕೇಳುತ್ತಾರೆ. ಕಾಲು ಜೋಮು ಹಿಡಿದಿದೆ ಎನ್ನುತ್ತೇನೆ. ಏಳಲು ಬರುತ್ತದೋ ಇಲ್ಲವೋ ನೋಡಿಕೊಳ್ಳುತ್ತಿದ್ದೇನೆ, ಅಷ್ಟೇ.