ಅಮ್ಮಿಯ ತವರಿನ ಹಸಿರು ಕಲ್ಲು

1978ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಾ ಕೊಟ್ಟೂರಿನ ನಮ್ಮ ಮನೆಯಲ್ಲಿ ಕುಳಿತಿದ್ದೆ. ನನ್ನ ಅಬ್ಬಾ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಅಮ್ಮಿಯ ತವರು ಚಿಗಟೇರಿಯಾಚೆಯ ಒಂದು ಸಣ್ಣ ಹಳ್ಳಿ. ಆ ಹಳ್ಳಿಯನ್ನು ದಿನಕ್ಕೊಮ್ಮೆ ಆಡಿಕೊಳ್ಳದಿದ್ದರೆ ಅಬ್ಬಾಗೆ ಉಂಡದ್ದು ಅರಗುತ್ತಿರಲಿಲ್ಲ.

"ಕಲ್ಲು ಬಿಟ್ರ ಏನೈತಿ ನಿಮ್ಮೂರಾಗ?" ಎಂದು ಅಂದೂ ಕೆಣಕಿದರು.

ಅಮ್ಮಿ ರೇಗಿದಳು. "ನಮ್ಮೂರ ಗುಡ್ಡದಾಗ ಹಿಂದಿನ ಮಂದಿ ತಾಮ್ರ ತೆಗದಾರ. ಆ ಗಣಿ ಈಗ್ಲೂ ಐತಿ."

"ಹೌದನು? ಹಂಗಾರ ಕಲ್ಲು ತಾ, ನನ್ನ ಭಟ್ಟ್ಯಾಗ ಹಾಕಿ ನೋಡೂಣು."

"ತಾಮ್ರ ಬರಲಿಲ್ಲಂದ್ರ ನಾ ಇನ್ನ ತವರಿನ ಹೆಸರು ಎತ್ತಾಂಗಿಲ್ಲ. ಬಂತಂದ್ರ, ವರ್ಷಕ್ಕೊಮ್ಮಿ ನೀವಾ ನನ್ನ ಅಲ್ಲಿಗಿ ಕರಕೊಂಡು ಹೋಗಬೇಕು."

ಅಬ್ಬಾ ನಗುತ್ತಾ ಒಪ್ಪಿದರು. ಅಮ್ಮಿ ನಗಲಿಲ್ಲ. ಕೆಲಸದ ನೆಪ ಹೇಳಿ ಅಬ್ಬಾ ಅವಳನ್ನು ತವರಿಗೆ ಕಳಿಸದೆ ಅದೆಷ್ಟೋ ಕಾಲವಾಗಿತ್ತು. ಈಗ ಆ ಹೆಸರೂ ಬಾಯಿಗೆ ಬರಬಾರದೆಂದರೆ ಅವಳಿಗೆ ಏನು ಉಳಿಯುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಮೂವರೂ ಬಸ್ಸಿನಲ್ಲಿ ಹೋದೆವು. ಅಮ್ಮಿಯ ಅಣ್ಣ, ನಮ್ಮ ಮಾಮು, ಗುಡ್ಡಕ್ಕೆ ಕರೆದೊಯ್ದರು. ಗಣಿ ಅಂದರೆ ಏನೋ ದೊಡ್ಡದಿರಬೇಕು ಅಂದುಕೊಂಡಿದ್ದೆ. ನೋಡಿದರೆ ಒಂದು ಹಳೆಯ ಗುಂಡಿ, ತಳದಲ್ಲಿ ಪಾಚಿಗಟ್ಟಿದ ನೀರು, ಸುತ್ತ ಜಾಲಿ ಗಿಡ. ಆದರೆ ಗುಂಡಿಯ ಗೋಡೆ ಮಾತ್ರ ಚೆಂದವಿತ್ತು. ಪದರಪದರವಾದ ಕಪ್ಪು ಕಲ್ಲಿನ ನಡುವೆ ಬಿಳಿ ಬೆಣಚುಕಲ್ಲಿನ ಪಟ್ಟೆ, ಅದರ ಅಂಚಿಗೆ ತುಕ್ಕಿನ ಕೆಂಪು, ಬಿರುಕುಗಳಲ್ಲೆಲ್ಲ ಗಿಳಿಹಸಿರು. ಅಲ್ಲಲ್ಲಿ ನೀಲಿ ಚುಕ್ಕೆಗಳೂ ಇದ್ದವು. ಮಾಮು ಒಂದು ಬೆಣಚುಕಲ್ಲು ಒಡೆದರು. ಒಳಗೆ ಹಳದಿ ಕಣಗಳು ಥಳಥಳ ಹೊಳೆದವು.

"ಇದಾ ತಾಮ್ರದ ಕಲ್ಲು!" ಎಂದು ಅಬ್ಬಾ ಹೊಳೆಯುವುದನ್ನೆಲ್ಲ ಚೀಲಕ್ಕೆ ತುಂಬಿದರು. ಹಸಿರನ್ನು ಕಾಲಿನಿಂದ ಸರಿಸಿದರು. "ಇದು ಕಿಲುಬು. ವಿಷ."

ಕಲಾಯಿಯವರಿಗೆ ಹಸಿರೇ ಶತ್ರು. ಪಾತ್ರೆಯಲ್ಲಿ ಒಂದು ಚುಕ್ಕೆ ಕಿಲುಬು ಉಳಿದರೂ ಕಲಾಯಿ ಹಿಡಿಯುವುದಿಲ್ಲ. ಅದನ್ನು ಪೂರ್ತಿ ತಿಕ್ಕಿ ತೆಗೆಯದೆ ಪಾತ್ರೆಯನ್ನು ಬೆಂಕಿಗೆ ಹಿಡಿಯಬಾರದೆಂದು ಅಬ್ಬಾಗೆ ಅವರ ಉಸ್ತಾದರು ಕಲಿಸಿದ್ದರು. ಆದರೂ ಅಮ್ಮಿ ತನ್ನೂರಿನ ಕಲ್ಲೆಂದು ಒಂದಿಷ್ಟು ಹಸಿರು ತುಣುಕುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮನೆಗೆ ಬಂದು, ಚಿನ್ನದ ಕೆಲಸದ ಪತ್ತಾರರಿಂದ ಲೋಹ ಕರಗಿಸುವ ಮೂಸೆ ತಂದು, ಅಬ್ಬಾ ಹಳದಿ ಕಲ್ಲನ್ನು ಪುಡಿಮಾಡಿ ಭಟ್ಟಿಯಲ್ಲಿಟ್ಟು ತಿದಿ ಒತ್ತಿದರು. ಪಟಾಕಿ ಸುಟ್ಟ ಹಾಗೆ ಘಾಟು ಎದ್ದಿತು. ಕೆಮ್ಮಿ ಕೆಮ್ಮಿ ಸಾಕಾಯಿತು. ಪಕ್ಕದ ಮನೆಯವರು ಬಯ್ಯುತ್ತಾ ಬಾಗಿಲು ಹಾಕಿಕೊಂಡರು. ಕೊನೆಗೆ ಮೂಸೆಯಲ್ಲಿ ಉಳಿದದ್ದು ಕರಿ ಕಿಟ್ಟ.

ಅಬ್ಬಾ ನಗಲು ಹೊರಟವರು ಅಮ್ಮಿಯ ಮುಖ ನೋಡಿ ಸುಮ್ಮನಾದರು. ಅವಳು ಒಳಗೆ ಹೋಗಿ ಹಸಿರು ಕಲ್ಲು ತಂದಳು. "ಇದನ್ನೂ ಹಾಕ್ರಿ."

"ಕಿಲುಬು ಯಾರರ ಭಟ್ಟಿಗಿ ಹಾಕ್ತಾರನು? ಉಸ್ತಾದ್ ಕೇಳಿದ್ರ ಗೋರ್ಯಾಗಿಂದ ಎದ್ದು ಬರ್ತಾರ!"

ಅಮ್ಮಿ ಕಲ್ಲು ಕುಟ್ಟಿದಳು. ಒಳಗೂ ಬೆಂಕಿ ಹತ್ತಲೆಂದು ಭಟ್ಟಿಯ ಇದ್ದಿಲನ್ನೇ ಪುಡಿಮಾಡಿ ಬೆರೆಸಿ ಮೂಸೆಗೆ ತುಂಬಿದಳು. ತಾನೇ ಕೂತು ತಿದಿ ಒತ್ತತೊಡಗಿದಳು. ತಿದಿಗೆ ಅವಳು ಎಂದೂ ಕೈ ಹಚ್ಚಿದವಳಲ್ಲ, ಗಾಳಿ ಅಡ್ಡಾದಿಡ್ಡಿ ಬೀಸಿ ಬೂದಿ ಅವಳ ಮುಖಕ್ಕೇ ಹಾರಿತು. ಅಬ್ಬಾ ಸ್ವಲ್ಪ ಹೊತ್ತು ನೋಡಿದರು. "ಸರಿ ಅತ್ಲಾಗ, ಬೆಂಕಿ ಕೆಡಸ್ತೀ!" ಎಂದು ಕೊನೆಗೆ ತಾವೇ ತಿದಿ ಹಿಡಿದರು.

ಈ ಸಲ ಆ ಘಾಟು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಮೂಸೆ ಬಗ್ಗಿಸಿದಾಗ ಕರಿಯ ಪುಡಿಯೊಳಗಿಂದ ಜೋಳದ ಕಾಳಿನಷ್ಟು ಒಂದು ಗುಂಡು ಉರುಳಿತು. ಅಬ್ಬಾ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಕೆಂಪಗೆ ಹೊಳೆಯಿತು. ಸುತ್ತಿಗೆಯಿಂದ ಮೆಲ್ಲಗೆ ಬಡಿದರು. ಒಡೆಯಲಿಲ್ಲ, ಚಪ್ಪಟೆಯಾಯಿತು.

ಹಳದಿ ಕಲ್ಲಿನಲ್ಲೂ ತಾಮ್ರವಿದೆ, ಆದರೆ ಗಂಧಕ ಮತ್ತು ಕಬ್ಬಿಣ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ; ಅದೇ ಕಲ್ಲು ಮಳೆ ಗಾಳಿಗೆ ಸವೆದು ಹಸಿರಾದರೆ ಇದ್ದಿಲ ಬೆಂಕಿಗೇ ತಾಮ್ರ ಬಿಡುತ್ತದೆ ಎಂದು ನಮ್ಮ ವಿಜ್ಞಾನದ ಮಾಸ್ತರು ಆಮೇಲೆ ವಿವರಿಸಿದರು. ಆ ದಿನ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

"ಬುದ್ಧಿ ಬಂದಾಗಿಂದ ಈ ಹಸಿರನ್ನ ವಿಷ ಅಂತ ತಿಕ್ಕೊಂತ ಬಂದೀನಿ," ಎಂದರು ಅಬ್ಬಾ. "ತಾಮ್ರ ಇದರಾಗಾ ಕುಂತೈತಲ್ಲ."

ಅಮ್ಮಿ ಮುಖದ ಬೂದಿ ಒರೆಸಿಕೊಂಡಳು. "ಅದು ತಾಮ್ರದ ತವರಿನ ಬಣ್ಣರಿ. ನೀವೆಷ್ಟು ತಿಕ್ಕಿದ್ರೂ ಮತ್ತ ಬರತೈತಿ. ತವರು ಮರಿಯಾಂಗಿಲ್ಲ ಅದು."

ಅಬ್ಬಾ ಆ ತಾಮ್ರವನ್ನು ಅವಳ ಅಂಗೈಯಲ್ಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಚಿಗಟೇರಿ ಬಸ್ಸು ಮುಂಜಾನಿ ಎಷ್ಟಕ್ಕೈತವ್ವಾ?" ಎಂದು ಕೇಳಿದರು.

"ಮೊನ್ನೆರ ಹೋಗಿ ಬಂದೀವಲ್ಲರಿ!" ಎಂದಳು ಅಮ್ಮಿ.

"ಅದು ಕಲ್ಲು ತರಾಕ ಹೋಗಿದ್ದು. ತವರಿಗಿ ಹೋಗಿದ್ದಲ್ಲ."

ಮರುದಿನವೇ ಹೊರಟರು. ಮುಂದೆ ಪ್ರತಿ ವರ್ಷವೂ ಅಬ್ಬಾನೇ ಮೊದಲು ಚೀಲ ಕಟ್ಟುತ್ತಿದ್ದರು. ಗಂಡ ಹೆಂಡಿರ ಪಂಥದಲ್ಲಿ ಸೋತವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.